ಪೂರೈಕೆ ಸರಪಳಿಯನ್ನು ಹಸಿರು ಮಾಡಿದರೆ ಕಂಪನಿಗೆ ಲಾಭ ಇದೆಯೇ?

ಸರಬರಾಜುದಾರರಿಂದ ಸಾಗಣೆವರೆಗೆ ಪರಿಸರಸ್ನೇಹಿ ಕ್ರಮ ತಂದರೆ ಗಳಿಕೆ ಹೆಚ್ಚುತ್ತದಾ, ಇಲ್ಲ ಅದು ವಾರ್ಷಿಕ ವರದಿಯ ಅಲಂಕಾರವಾ ಎಂದು ಕೇಳಿದ್ದೀರಿ. ನಾನು ಖರೀದಿ ವಿಭಾಗದವನು. ಲಾಭ ಇದೆ. ಆದರೆ ಖರ್ಚು ಒಬ್ಬರ ಲೆಕ್ಕಕ್ಕೆ, ಉಳಿತಾಯ ಇನ್ನೊಬ್ಬರ ಲೆಕ್ಕಕ್ಕೆ ಹೋಗುವುದೇ ಇಲ್ಲಿನ ತೊಡಕು.

ಸರಕು ಹಡಗನ್ನೇ ನೋಡಿ. ಎಂಜಿನ್ನಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನದಷ್ಟು ಏರುತ್ತದೆ. ಹಾಗಾಗಿ ವೇಗವನ್ನು ಶೇ 10 ಇಳಿಸಿದರೆ ಶಕ್ತಿ ಸುಮಾರು ಶೇ 27 ಕಡಿಮೆ ಸಾಕು. ಪ್ರಯಾಣದ ಅವಧಿ ಹೆಚ್ಚಿದ್ದನ್ನು ಲೆಕ್ಕಕ್ಕೆ ಹಿಡಿದರೂ ಅದೇ ದೂರಕ್ಕೆ ಶೇ 19ರಷ್ಟು ಇಂಧನ ಉಳಿಯುತ್ತದೆ. 2008ರ ಆರ್ಥಿಕ ಕುಸಿತದ ನಂತರ ಹಡಗು ಕಂಪನಿಗಳು ನಿಧಾನ ಸಂಚಾರಕ್ಕೆ ಇಳಿದದ್ದು ಇಂಧನದ ಬಿಲ್ಲು ನೋಡಿ, ಭೂಮಿಯ ಮೇಲಿನ ಪ್ರೀತಿಗಲ್ಲ. ಹೊಗೆ ಹೇಗೂ ಇಳಿಯಿತು. ಸರಕಿನ ಮಾಲೀಕನ ಕತೆ ಬೇರೆ: ಮಾಲು ಇನ್ನಷ್ಟು ದಿನ ಸಮುದ್ರದ ಮೇಲೆ, ಅಷ್ಟು ದಿನ ಬಂಡವಾಳ ಅಲ್ಲೇ ಸಿಕ್ಕಿಬಿದ್ದಿರುತ್ತದೆ, ಗೋದಾಮಿನಲ್ಲಿ ಹೆಚ್ಚುವರಿ ದಾಸ್ತಾನು ಬೇರೆ. ಹಡಗಿನ ಬಾಡಿಗೆಯಲ್ಲಿ ಚೌಕಾಸಿ ಮಾಡದಿದ್ದರೆ ಅವನಿಗೆ ಉಳಿಯುವುದು ಖರ್ಚು ಮಾತ್ರ.

ಸರಬರಾಜುದಾರರ ಕಡೆ ಇದು ಇನ್ನೂ ಜಟಿಲ. ಹಸಿರುಮನೆ ಅನಿಲದ ಲೆಕ್ಕದಲ್ಲಿ 'ಸ್ಕೋಪ್ 3' ಎನ್ನುವ ಭಾಗ, ಅಂದರೆ ನಮ್ಮ ಗೇಟಿನ ಆಚೆ ಸರಬರಾಜುದಾರರು, ಸಾಗಣೆ, ಗಿರಾಕಿಗಳ ಕಡೆಯ ಹೊಗೆ (ಕೊಂಡ ಕರೆಂಟಿನದು ಬಿಟ್ಟು), ಹೆಚ್ಚಿನ ಕಂಪನಿಗಳಲ್ಲಿ ಒಳಗಿನದಕ್ಕಿಂತ ದೊಡ್ಡದು. ಅದಕ್ಕೇ ದೊಡ್ಡವರು ಸಣ್ಣವರಿಗೆ ಉದ್ದನೆಯ ಪ್ರಶ್ನಾವಳಿ ಕಳಿಸುತ್ತಾರೆ. ಆ ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರೇ ಕರೆಂಟ್ ಬಿಲ್ಲು, ಡೀಸೆಲ್ ರಸೀದಿ ಹುಡುಕಿ ತುಂಬಬೇಕು. ಮಾಲಿನ ದರ ಮಾತ್ರ ಹಳೆಯದೇ! ದೀರ್ಘಾವಧಿ ಆರ್ಡರಿನ ಭರವಸೆ ಕೊಡದೆ ಯಂತ್ರ ಬದಲಿಸಿ ಎಂದರೆ ಯಾರು ಬದಲಿಸುತ್ತಾರೆ?

ಕೆಲವು ಕಡೆ ಇದು ಲಾಭದ ಪ್ರಶ್ನೆಯಾಗಿ ಉಳಿದಿಲ್ಲ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ ಮುಂತಾದವುಗಳ ಆಮದಿಗೆ ಯುರೋಪಿಯನ್ ಒಕ್ಕೂಟದ ಇಂಗಾಲ ಶುಲ್ಕ ವ್ಯವಸ್ಥೆ (ಮಾಲು ತಯಾರಿಸುವಾಗ ಬಂದ ಹೊಗೆಗೆ ತಕ್ಕ ಶುಲ್ಕ) 2026ರ ಜನವರಿಯಿಂದ ಪೂರ್ಣ ಹಂತಕ್ಕೆ ಬಂದಿದೆ. ಅಲ್ಲಿಗೆ ಮಾರುವವರು ಹೊಗೆಯ ಲೆಕ್ಕ ಕೊಡಲಾಗದಿದ್ದರೆ ಗಿರಾಕಿಯನ್ನೇ ಕಳೆದುಕೊಳ್ಳಬಹುದು.

'ಹಸಿರು ಕಂಪನಿಗಳೇ ಹೆಚ್ಚು ಗಳಿಸುತ್ತವೆ' ಎನ್ನುವ ಅಧ್ಯಯನಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಕೈಯಲ್ಲಿ ಕಾಸಿರುವ ಕಂಪನಿಯೇ ಇದಕ್ಕೆ ಖರ್ಚು ಮಾಡಬಲ್ಲದು, ಯಾವುದು ಕಾರಣ ಯಾವುದು ಪರಿಣಾಮ? ಎಷ್ಟೋ ಸಮೀಕ್ಷೆಗಳಲ್ಲಿ 'ನಾವು ಹಸಿರು' ಎಂದವರೂ 'ನಮ್ಮ ಸಾಧನೆ ಚೆನ್ನಾಗಿದೆ' ಎಂದವರೂ ಒಬ್ಬರೇ ಮ್ಯಾನೇಜರ್.

ನಿಮ್ಮದು ಸಣ್ಣ ಕಂಪನಿಯಾದರೆ ಪ್ರಮಾಣಪತ್ರ ಆಮೇಲೆ ನೋಡಿ. ಲಾರಿ ಎಷ್ಟು ಸಲ ಅರ್ಧ ಖಾಲಿ ಹೋಗುತ್ತದೆ, ಪೆಟ್ಟಿಗೆಯಲ್ಲಿ ಮಾಲೆಷ್ಟು ಗಾಳಿಯೆಷ್ಟು ಎಂದು ಮೊದಲು ಅಳೆಯಿರಿ. ಅದನ್ನು ಸರಿಪಡಿಸಿದ್ದು ಸಾಗಣೆ ಬಿಲ್ಲಿನಲ್ಲೇ ಕಾಣುತ್ತದೆ, ಅದೂ ನಿಮ್ಮದೇ ಬಿಲ್ಲಿನಲ್ಲಿ.