"ಇದ್ರಲ್ಲಿ ಬಿಡೋದು ಯಾವ್ದು?"

ನಾನು ಕುಟುಂಬ ಸಲಹೆಗಾರ್ತಿ. ಜನವರಿ ಬಂತೆಂದರೆ ನನ್ನ ಬಳಿಗೆ ಇಂಥ ಮನೆಯವರು ಬರುತ್ತಾರೆ. ಕುಡಿತವಿಲ್ಲ, ಸಾಲದ ಕಾಟವಿಲ್ಲ. ಹೊಸ ವರ್ಷಕ್ಕೆ ಮನೆಯನ್ನು ಸರಳ ಮಾಡಬೇಕು ಅಂತ ಒಬ್ಬರು ಮನಸ್ಸು ಮಾಡಿರುತ್ತಾರೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಉಳಿದವರು ಅವರ ಜೊತೆ ಮಾತು ಬಿಟ್ಟಿರುತ್ತಾರೆ. ಇಷ್ಟು ಸಣ್ಣದಕ್ಕೆ ಸಲಹೆ ಕೇಳುವುದೇನು ಅಂತ ಬಹಳ ಮಂದಿ ಒಳಗೇ ನುಂಗಿಕೊಳ್ಳುತ್ತಾರೆ. ಅದಕ್ಕೇ ಒಂದು ಪ್ರಕರಣವನ್ನು, ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ತುಮಕೂರಿನ ಹೊರಬಡಾವಣೆಯ ಮನೆ. ಆಕೆ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಟೀಚರ್, ವಯಸ್ಸು ನಲವತ್ತು ದಾಟಿದೆ. ಗಂಡ, ಪಿಯುಸಿ ಓದುವ ಮಗ, ಮಧುಗಿರಿ ಕಡೆಯ ಹಳ್ಳಿಯಿಂದ ಬಂದು ಜೊತೆಗಿರುವ ಅತ್ತೆ. ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. "ಎಲ್ಲರ ನೆಮ್ಮದಿಗೇ ಮಾಡ್ತಿರೋದು ಮೇಡಂ. ಒಬ್ಬರೂ ಕೈ ಜೋಡಿಸಲ್ಲ" ಎಂದು ಅತ್ತರು.

ಇಂಥವರಲ್ಲಿ ನಾನು ಮೊದಲು ಕೇಳುವುದು ಒಂದೇ: ಓರಣ ಮಾಡದಿದ್ದರೆ ಏನೋ ಕೆಟ್ಟದ್ದಾಗುತ್ತದೆ ಎಂಬ ಭಯ ಇದೆಯೇ, ಒಮ್ಮೆ ತೊಳೆದದ್ದನ್ನು ಮತ್ತೆ ಮತ್ತೆ ತೊಳೆಯಬೇಕು ಅನ್ನಿಸುತ್ತದೆಯೇ? ಹೌದೆಂದರೆ ಅದಕ್ಕೆ ಮನೋವೈದ್ಯರನ್ನೇ ಕಾಣಬೇಕು. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ. ಈಕೆಗೆ ಅಂಥದ್ದೇನೂ ಇರಲಿಲ್ಲ. ಮನೆ ಸರಳ ಮಾಡಲು ಏನೇನು ಮಾಡಬೇಕು ಅಂತ ಆಕೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ನಾಲ್ವರೂ ಒಟ್ಟಿಗೆ ಬನ್ನಿ, ಆ ನೋಟ್‌ಬುಕ್ಕೂ ತನ್ನಿ ಎಂದೆ.

ಬಂದರು. ಆಕೆ ಬರೆದಿಟ್ಟದ್ದನ್ನು ಮಗ ಓದಿದ. ಅಟ್ಟ ಖಾಲಿ ಮಾಡುವುದು. ಭಾನುವಾರಕ್ಕೊಂದು ಬೀರು ಓರಣ ಮಾಡುವುದು. ಅಡುಗೆಮನೆ ಡಬ್ಬಿಗಳಿಗೆಲ್ಲ ಹೆಸರು ಅಂಟಿಸುವುದು. ಹಸಿ ಕಸದಿಂದ ಮನೆಯಲ್ಲೇ ಗೊಬ್ಬರ. ತಾರಸಿ ಮೇಲೆ ಗಿಡ ಬೆಳೆಸಲು ನಲವತ್ತು ಗ್ರೋ ಬ್ಯಾಗ್ ಚೀಲ. ಹಿತ್ತಲಿಗೆ ಡ್ರಿಪ್ ಪೈಪು. ಸಾರಿನ ಪುಡಿ, ಉಪ್ಪಿನಕಾಯಿ ಹೊರಗೆ ಕೊಳ್ಳದಿರುವುದು.

ಅತ್ತೆಗೆ ಓದು ಬರದು. ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೊನೆಗೆ ಸೊಸೆಯ ಕಡೆ ತಿರುಗಿ, "ಎಲ್ಲಾ ಚೆನ್ನಾಗೈತೆ ಕಣವ್ವ. ಇದ್ರಲ್ಲಿ ಬಿಡೋದು ಯಾವ್ದು?" ಅಂದರು.

"ಬಿಡೋದಕ್ಕೇ ಅಲ್ವಾ ಅತ್ತೆ, ಅಟ್ಟ ಖಾಲಿ ಮಾಡೋಣ ಅಂದಿದ್ದು?"

"ಅಟ್ಟದಾಗಿರೋದು ನನ್ನ ಸಾಮಾನು. ನಿನ್ನದು ಯಾವ್ದು ಬಿಡ್ತೀಯ ಅಂತ ಕೇಳ್ದೆ."

ಗಂಡ ಏನೋ ಹೇಳಲು ಬಾಯಿ ತೆರೆದರು. ಕೈ ತೋರಿಸಿ ತಡೆದೆ. ಆ ಪ್ರಶ್ನೆಗೆ ಆಕೆಯೇ ಉತ್ತರ ಹುಡುಕಬೇಕಿತ್ತು. ಸಿಟ್ಟಿನಿಂದ ಪುಟ ಮಗುಚುತ್ತಾ ಹೋದವರು ಒಂದು ಹೊತ್ತಿಗೆ ಸುಮ್ಮನಾದರು. ಆಮೇಲೆ ನೋಟ್‌ಬುಕ್‌ನಲ್ಲಿ ಎಲ್ಲೂ ಇಲ್ಲದ ಒಂದು ಮಾತು ಬಂತು: "ಸಂಜೆ ಟ್ಯೂಷನ್."

ಶಾಲೆಯಿಂದ ಬಂದು ಕಾಫಿ ಕುಡಿದವರೇ ರಾತ್ರಿ ಎಂಟರವರೆಗೆ ಹತ್ತನೇ ತರಗತಿ ಮಕ್ಕಳಿಗೆ ಪಾಠ. ಮನೆ ಸಾಲ ತೀರಿಸಲು ಶುರುಮಾಡಿದ್ದು.

"ಸಾಲ ತೀರಿ ಎರಡು ವರ್ಷ ಆಯ್ತಲ್ಲೇ" ಅಂದರು ಗಂಡ.

"ಇನ್ನು ಸಾಕು, ಬಿಡು ಅಂತ ನೀವೂ ಹೇಳ್ಲಿಲ್ಲ."

ಮನೆ ಸರಳ ಆಗಲಿ ಎಂದು ಆಕೆ ಬರೆದದ್ದರಲ್ಲಿ ಇರುವ ಕೆಲಸ ಒಂದೂ ಇಳಿಯುತ್ತಿರಲಿಲ್ಲ, ಹೊಸದು ಏರುತ್ತಿತ್ತು. ಏರಿದ್ದೆಲ್ಲ ಒಬ್ಬರ ತಲೆಗೇ. ಈಗ ಎಲ್ಲ ಮನೆಗಳಲ್ಲೂ ಇದನ್ನೇ ಕಾಣುತ್ತಿದ್ದೇನೆ. ಆದ್ದರಿಂದ ನನ್ನ ಸಲಹೆ ಬಿಡುವುದರಿಂದಲೇ ಶುರುವಾಯಿತು. ಮಾರ್ಚ್ ಪರೀಕ್ಷೆಯವರೆಗೆ ಈ ಮಕ್ಕಳನ್ನು ಕೈಬಿಡುವುದು ಬೇಡ. ಜೂನ್‌ನಲ್ಲಿ ಹೊಸಬರನ್ನು ಸೇರಿಸಿಕೊಳ್ಳಬೇಡಿ. ಗೊಬ್ಬರದ ಡ್ರಮ್ಮು ಈ ವರ್ಷ ಬೇಡ. ಹಸಿ ಕಸ ಬೇರೆ ಮಾಡಿ ಗಾಡಿಗೆ ಕೊಟ್ಟರೆ ಅದೇನು ಕಡಿಮೆಯೇ? ಉಪ್ಪಿನಕಾಯಿ ಅಂಗಡಿಯದ್ದೇ ಇರಲಿ.

ತೋಟದ ವಿಷಯದಲ್ಲಿ ಆಕೆ ಬಹಳ ವಾದ ಮಾಡಿದರು. ನಾನೂ ಬಿಡಲಿಲ್ಲ, ನಮ್ಮೂರಿನ ಬೇಸಿಗೆ ನನಗೂ ಗೊತ್ತು. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದರೇ ನಮ್ಮ ನಲ್ಲಿಗೆ ನೀರು. ತಾರಸಿಯ ಬಿಸಿಲಿಗೆ ಚೀಲಕ್ಕೆ 2 ಲೀಟರ್ ಅಂದರೂ 40 ಚೀಲಕ್ಕೆ ದಿನಕ್ಕೆ 80 ಲೀಟರ್ ಹೊರಬೇಕು. ಏಪ್ರಿಲ್‌ನಲ್ಲಿ ಗಿಡ ಒಣಗಿದಾಗ ಹೆಣ್ಣುಮಕ್ಕಳು ಬೈದುಕೊಳ್ಳುವುದು ಬಿಸಿಲನ್ನಲ್ಲ, ತಮ್ಮನ್ನೇ. ಅದಕ್ಕೆ ಈಗ ಹಿತ್ತಲಲ್ಲಿರುವ ಕರಿಬೇವು, ನಿಂಬೆ, ದೊಡ್ಡಪತ್ರೆ, ದಾಸವಾಳ ಉಳಿಸಿಕೊಂಡರೆ ಸಾಕು ಎಂದೆ. ಅಕ್ಕಿ ತೊಳೆದ ನೀರು ಅವಕ್ಕೇ ಹೋಗಲಿ, ಬುಡಕ್ಕೆ ಒಣಗಿದ ಎಲೆ ಮುಚ್ಚಲಿ, ತೇವ ಆರುವುದಿಲ್ಲ. ಹೊಸದು ಬೇಕಾದರೆ ಮಳೆ ಹಿಡಿದ ಮೇಲೆ. ಅವರೆ ಬೀಜ ಮಳೆಗಾಲದಲ್ಲೇ ಊರಬೇಕು, ಸೊಗಡಿನ ಕಾಯಿ ಮಾಗಿಯ ಚಳಿಗೇ ಬರುವುದು ಎಂದು ಅತ್ತೆ ಸೇರಿಸಿದರು. ಹಿತ್ತಲ ತೀರ್ಮಾನ ಅತ್ತೆಯದು, ನೀರು ಹಾಕುವುದು ಮಗನದು ಎಂದಾಯಿತು. ಭಾನುವಾರದ ಬೀರು ಗಂಡನ ಪಾಲಿಗೆ ಬಂತು, ಅದೂ ತಿಂಗಳಿಗೊಂದು.

ಅಟ್ಟವನ್ನು ಮುಟ್ಟಬೇಡಿ ಎಂದದ್ದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು: ನಿದ್ದೆಗೆಟ್ಟು ಬಂದವಳು ಸೊಸೆ, ನೀವು ಅತ್ತೆಯ ಪರ ನಿಂತಿರಿ. ನಾನು ಹಾಗೆ ಎಣಿಸುವುದಿಲ್ಲ. ಹಳ್ಳಿಮನೆ ಬಿಟ್ಟು ಬಂದ ಹೆಂಗಸಿಗೆ ಆ ತಾಮ್ರದ ಹಂಡೆ, ಬೀಜದ ಮಡಕೆಗಳ ಹೊರತು ಈ ಮನೆಯಲ್ಲಿ ತನ್ನದೆನ್ನುವುದು ಏನೂ ಇರಲಿಲ್ಲ. ಒಬ್ಬರ ವಸ್ತುವನ್ನು ಇನ್ನೊಬ್ಬರು ಹೊರಗೆ ಹಾಕಿದ ಮನೆಗೆ ಜಾಗ ಸಿಗಬಹುದು, ನೆಮ್ಮದಿ ಸಿಕ್ಕಿದ್ದನ್ನು ನಾನು ನೋಡಿಲ್ಲ. ಯುಗಾದಿಗೆ ಮನೆ ತೊಳೆಯುವಾಗ ನಾನೇ ಇಳಿಸಿ, ಯಾವುದು ಯಾರಿಗೆ ಅಂತ ಹೇಳುತ್ತೇನೆ ಎಂದರು ಆ ತಾಯಿ. ಅಲ್ಲಿಯವರೆಗೆ ಕೇಳಬಾರದು ಎಂದು ಸೊಸೆಯಿಂದ ಮಾತು ಪಡೆದೆ.

ಡಬ್ಬಿಗೆ ಹೆಸರು ಅಂಟಿಸುವುದೊಂದು ಇರಲಿ ಎಂದು ಆಕೆ ಹಟ ಹಿಡಿದರು. ಇರಲಿ ಎಂದೆ, ಅತ್ತೆ ಕೈ ಹಾಕುವ ಬೇಳೆಕಾಳು ಮಾತ್ರ ಗಾಜಿನ ಬಾಟಲಿಗೆ ಹಾಕಿಸಿದೆ, ಓದದೆಯೂ ಯಾವುದೆಂದು ಕಾಣುವ ಹಾಗೆ.