ಮಲೆನಾಡಿಗೆ ಮನೆ ಬದಲಿಸುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಂಸಾರ ಸಮೇತ ಮಲೆನಾಡಿಗೆ ಹೋಗಿ ನೆಲೆಸುವ ಯೋಚನೆಯಲ್ಲಿರುವವರ ಪತ್ರಗಳು ಸಾಕಷ್ಟು ಬಂದಿವೆ. ಹೆಚ್ಚಿನವರು ಕೇಳಿರುವುದು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಬಗ್ಗೆ. ಹಾಗಾಗಿ ಉತ್ತರಗಳೂ ಈ ಮೂರು ತಾಲ್ಲೂಕುಗಳ ಸುತ್ತಲೇ ಇವೆ.

ಪ್ರಶ್ನೆ: ನಾವಿಬ್ಬರು, ಮೂರನೇ ತರಗತಿಯ ಮಗಳು, 72 ವರ್ಷದ ಅತ್ತೆ. ಡಿಸೆಂಬರ್ ರಜೆಯಲ್ಲಿ ನಾಲ್ಕು ದಿನ ಹೋಗಿ ಮೂರೂ ಊರು ನೋಡಿ, ಮನೆ ಗೊತ್ತುಮಾಡಿ ಬರಬೇಕೆಂದಿದ್ದೇವೆ. ಏನೇನು ನೋಡಬೇಕು?
— ವಿಜಯನಗರ, ಬೆಂಗಳೂರು

ಡಿಸೆಂಬರಿನಲ್ಲಿ ಮಲೆನಾಡಿನಲ್ಲಿ ಕೆಟ್ಟ ಊರೇ ಇರುವುದಿಲ್ಲ. ಬಾವಿಯಲ್ಲಿ ನೀರಿರುತ್ತದೆ, ರಸ್ತೆಗೆ ಆಗಷ್ಟೇ ತೇಪೆ ಬಿದ್ದಿರುತ್ತದೆ, ಬಾಡಿಗೆಗೆ ಕೊಡುವ ಮನೆಗೆ ಸುಣ್ಣ ಹೊಡೆದಿರುತ್ತಾರೆ. ಆಗ ಹೋಗಿ, ಬೇಡವೆನ್ನುವುದಿಲ್ಲ, ಆದರೆ ಮುಂಗಡ ಕೊಟ್ಟು ಬರಬೇಡಿ. ಪುಷ್ಯ ಮಳೆ ಹಿಡಿದಿರುವಾಗ, ಅಂದರೆ ಜುಲೈ ಕೊನೆಯಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ಅದೇ ಮನೆಯನ್ನು ನೋಡಿ. ತಿಂಗಳು ಬದಲಾದರೆ ಮನೆಯೂ ಬೇರೆಯಾಗಿ ಕಾಣುತ್ತದೆ.

ಅತ್ತೆಯವರು ಜೊತೆಗಿರುವುದರಿಂದ ಮೊದಲು ಲೆಕ್ಕ ಹಾಕಬೇಕಾದದ್ದು ಆಸ್ಪತ್ರೆಯ ದಾರಿ. ಮೂರೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಜ್ವರ, ಗಾಯ, ಹೆರಿಗೆಗೆ ಅದು ಸಾಕು. ಹೃದಯಾಘಾತ, ಪಾರ್ಶ್ವವಾಯುವಿನಂಥದಕ್ಕೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. ಪಾರ್ಶ್ವವಾಯುವಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿ.ಮೀ., ನಡುವೆ ಘಾಟಿ ಇಲ್ಲ. ಮಣಿಪಾಲಕ್ಕಾದರೆ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನು ಇಳಿದು ಹೆಬ್ರಿ ದಾಟಬೇಕು. ಮಳೆಗಾಲದಲ್ಲಿ ಆ ಘಾಟಿಯಲ್ಲಿ ಭಾರಿ ವಾಹನ ನಿಷೇಧಿಸುತ್ತಾರೆ, ಧರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಜರಿದರೆ ಕಾರಿಗೂ ದಾರಿ ಇರುವುದಿಲ್ಲ. ಶೃಂಗೇರಿಯಿಂದ ಕೆರೆಕಟ್ಟೆ, ಮಾಳ ಮೂಲಕ ಕಾರ್ಕಳಕ್ಕೆ ಇಳಿಯುವ ದಾರಿಯೂ ಇದೆ, ಅದೂ ಕಾಡಿನ ಘಾಟಿಯೇ. ಒಂದು ರಾತ್ರಿ ಮಳೆಯಲ್ಲಿ ನೀವೇ ಕಾರು ಓಡಿಸಿ ಮನೆಯಿಂದ ಆಸ್ಪತ್ರೆಯ ಬಾಗಿಲಿಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. 108 ವಾಹನ ಎಲ್ಲಿ ನಿಲ್ಲುತ್ತದೆ ಎಂದೂ ವಿಚಾರಿಸಿ. ಅದು ಬರುವ ಹೊತ್ತನ್ನೂ ಕೂಡಿಸಬೇಕಲ್ಲ.

ಇಷ್ಟರ ಮೇಲೆ ನಮ್ಮ ಅಭಿಪ್ರಾಯ ಹೇಳುವುದಾದರೆ, ವಯಸ್ಸಾದವರಿರುವ ಮನೆಗೆ ತೀರ್ಥಹಳ್ಳಿ ಮೇಲು. ಕೊಪ್ಪ ಸಣ್ಣ, ಅಚ್ಚುಕಟ್ಟಾದ ಪೇಟೆ, ಆದರೆ ದೊಡ್ಡ ಆಸ್ಪತ್ರೆ ಎತ್ತ ಹೋದರೂ ದೂರ. ಶೃಂಗೇರಿಯಲ್ಲಿ ರಜೆ ಬಂತೆಂದರೆ ಯಾತ್ರಿಕರ ವಾಹನಗಳು ಪೇಟೆಯನ್ನೇ ತುಂಬಿಬಿಡುತ್ತವೆ. ತುಂಗೆ ಏರಿದರೆ ಅಲ್ಲಿನ ಗಾಂಧಿ ಮೈದಾನ ಮುಳುಗುತ್ತದೆ, ನದಿಯ ಬದಿಯ ಮನೆ ಒಪ್ಪುವ ಮುನ್ನ ಹಿಂದಿನ ನೆರೆಯ ಗುರುತು ಗೋಡೆಯ ಯಾವ ಎತ್ತರದಲ್ಲಿದೆ ಎಂದು ಪಕ್ಕದ ಅಂಗಡಿಯವರನ್ನು ಕೇಳಿ. ಮಾಲೀಕರನ್ನಲ್ಲ.

ಮನೆ ನೋಡುವಾಗ ಮುಂದಿನ ಜಗಲಿಗಿಂತ ಮೊದಲು ಹಿತ್ತಲಿಗೆ ಹೋಗಿ. ಗುಡ್ಡ ಕಡಿದು ಮಟ್ಟಮಾಡಿದ ಜಾಗದಲ್ಲಿ ಮನೆಯ ಬೆನ್ನಿಗೆ ಧರೆ ನಿಂತಿರುತ್ತದೆ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರವಾದರೂ ಗೋಡೆ ಇರಬೇಕು. ಹನ್ನೆರಡು ಅಡಿ ಧರೆಯ ಬುಡಕ್ಕೆ ನಾಲ್ಕಡಿ ಬಿಟ್ಟು ಕಟ್ಟಿದ ಅಡುಗೆಮನೆ ಬೇಡ. ಧರೆಯ ನೆತ್ತಿಯ ಮೇಲೆ ಮಳೆನೀರನ್ನು ಪಕ್ಕಕ್ಕೆ ಹರಿಸುವ ಕಾಲುವೆ ಇದೆಯೇ, ಮಣ್ಣಿನಲ್ಲಿ ಬಿರುಕು ಬಿಟ್ಟಿದೆಯೇ, ಮರಗಳು ಮನೆಯತ್ತ ವಾಲಿವೆಯೇ ನೋಡಿ. ಬುಡದಲ್ಲಿ ಒರತೆ ಒಸರುವುದು ಮಳೆಗಾಲದಲ್ಲಿ ಸಹಜ. ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಅದೇ ಒರತೆ ಇದ್ದಕ್ಕಿದ್ದಂತೆ ಕೆಂಪಾಗಿ ಬಂದರೆ ಒಳಗೆ ಮಣ್ಣು ಕೊಚ್ಚುತ್ತಿದೆ ಎಂದರ್ಥ, ಅಂಥ ಮನೆಯಲ್ಲಿ ರಾತ್ರಿ ಮಲಗಬಾರದು.

ಒಳಗೆ ಬಂದರೆ, ಗಾಳಿಮಳೆ ಹೊಡೆಯುವುದು ಪಡುವಣದಿಂದ. ಪಶ್ಚಿಮ, ನೈಋತ್ಯದ ಗೋಡೆಗೆ ಅಂಗೈ ಇಟ್ಟು ನೋಡಿ. ಸುಣ್ಣದ ಕೆಳಗೆ ಬೂಸ್ಟು ಕಪ್ಪಾಗಿ ಮೂಡಿದ್ದರೆ ಗೋಡೆ ನೀರು ಕುಡಿದಿದೆ. ಸೂರು ಗೋಡೆಯಿಂದ ಮೂರಡಿಯಾದರೂ ಮುಂದೆ ಚಾಚಿರಬೇಕು. ಹೆಂಚಿನ ಮನೆಯಾದರೆ ಅಟ್ಟ ಹತ್ತಿ ಹೆಂಚು ಹೊರುವ ಮರದ ಪಕಾಸಿ, ರೀಪುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಇಳಿದರೆ ಮರ ಲಡ್ಡಾಗಿದೆ. ತಾರಸಿ ಮನೆಯ ಮೇಲೆ ತಗಡಿನ ಮಾಡು ಕಂಡರೆ ತಾರಸಿ ಸೋರುತ್ತದೆ ಎಂದು ತಕ್ಷಣ ತೀರ್ಮಾನಿಸಬೇಡಿ, ಇಲ್ಲಿ ಹೊಸ ಮನೆಗೂ ಹಾಗೆ ಹಾಕುತ್ತಾರೆ. ಅದರ ಕೆಳಗೆ ಬಟ್ಟೆ ಒಣಗುತ್ತದೆ, ಅದೇ ದೊಡ್ಡ ಅನುಕೂಲ.

ಏಪ್ರಿಲ್ ಭೇಟಿ ಪೂರ್ತಿ ನೀರಿಗಾಗಿ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ನೀರಿನ ಮಟ್ಟ ಗುರುತುಮಾಡಿ, ಒಂದು ಗಂಟೆ ಪಂಪು ಓಡಿಸಿ ಎಷ್ಟು ಇಳಿಯಿತು ನೋಡಿ, ಮರುದಿನ ಬೆಳಿಗ್ಗೆ ಮತ್ತೆ ಅಳೆಯಿರಿ. ರಾತ್ರಿಯೊಳಗೆ ಹಳೆಯ ಗುರುತಿಗೆ ಬಂದಿದ್ದರೆ ನಾಲ್ವರ ಮನೆಗೆ ಧೈರ್ಯವಾಗಿ ಸಾಕು. ಗುಡ್ಡದ ಮೇಲಿನಿಂದ ಪೈಪಿನಲ್ಲಿ ತಾನಾಗಿ ಬರುವ ಅಬ್ಬಿ ನೀರನ್ನು ಮನೆಯವರು ಹೆಮ್ಮೆಯಿಂದ ತೋರಿಸುತ್ತಾರೆ. ಕರೆಂಟು ಬೇಡ, ಬಿಲ್ಲಿಲ್ಲ, ನಿಜ. ಆದರೆ ತುದಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ, ಹಂದಿ ಪೈಪು ಕೀಳುತ್ತದೆ, ಅದನ್ನು ಸರಿಮಾಡಲು ಉಂಬಳ (ಜಿಗಣೆ) ಹತ್ತಿಸಿಕೊಂಡು ಗುಡ್ಡ ಹತ್ತಬೇಕಾದವರು ನೀವೇ. ನೀರಿನ ಮೂಲ ಯಾರ ಜಾಗದಲ್ಲಿದೆ ಎಂಬುದು ಇನ್ನೂ ಮುಖ್ಯ. ಪಕ್ಕದವರ ಜಾಗವಾದರೆ ಬರಹದ ಒಪ್ಪಿಗೆ ಇಲ್ಲದೆ ನಂಬಬಾರದು.

ಪ್ರಶ್ನೆ: ನಾವು ರೈತ ಕುಟುಂಬದವರಲ್ಲ. ಒಂದು ಎಕರೆ ಅಡಿಕೆ ತೋಟ, ಮನೆ, ‘ಜೊತೆಗೆ ಎರಡು ಎಕರೆ ಹೆಚ್ಚುವರಿ’ ಎಂದು ಬ್ರೋಕರ್ ಹೇಳುತ್ತಿದ್ದಾರೆ. ಕೊಳ್ಳಬಹುದೇ?
— ದಾವಣಗೆರೆ

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎನ್ನುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು. ಆ ಅಡ್ಡಿ ಈಗಿಲ್ಲ. ಅಡ್ಡಿ ಇರುವುದು ಆ ‘ಹೆಚ್ಚುವರಿ’ಯಲ್ಲಿ.

ಮಲೆನಾಡಿನಲ್ಲಿ ಹೆಚ್ಚುವರಿ ಎಂದರೆ ಸಾಮಾನ್ಯವಾಗಿ ಎರಡರಲ್ಲೊಂದು. ಒಂದು, ಸರ್ಕಾರಿ ಜಾಗದ ಒತ್ತುವರಿ. ‘ಫಾರಂ 57 (ಒತ್ತುವರಿ ಸಕ್ರಮದ ಅರ್ಜಿ) ಹಾಕಿದ್ದೇವೆ, ಆಗೇ ಆಗುತ್ತದೆ’ ಎನ್ನುತ್ತಾರೆ. ಅರ್ಜಿ ಹಕ್ಕಲ್ಲ, ಮಂಜೂರಾದರೂ ಅರ್ಜಿ ಹಾಕಿದವರಿಗೆ ಆಗಬೇಕೇ ಹೊರತು ಅವರಿಂದ ಕೊಂಡ ನಿಮಗಲ್ಲ. ಇನ್ನೊಂದು, ಸೊಪ್ಪಿನಬೆಟ್ಟ. ಅದರಲ್ಲಿ ತೋಟಕ್ಕೆ ಸೊಪ್ಪು, ದರಗು (ಒಣ ಎಲೆ) ತರುವ ಸವಲತ್ತು ಮಾತ್ರ ಇರುತ್ತದೆ, ಮನೆ ಕಟ್ಟುವ ಹಕ್ಕಿಲ್ಲ. ಎರಡಕ್ಕೂ ಒಂದು ರೂಪಾಯಿ ಕೊಡಬೇಡಿ. ಬೆಲೆ ಮಾತಾಡುವಾಗ ಪಹಣಿಯಲ್ಲಿರುವ ಗುಂಟೆಗಷ್ಟೇ ಲೆಕ್ಕ ಹಾಕಿ.

ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಬಂದ ಬಗೆ, 11ರಲ್ಲಿ ಸಾಲ ಮತ್ತು ಋಣ. 9ರಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರೂ, ಮದುವೆಯಾಗಿ ಹೋದ ಅಕ್ಕತಂಗಿಯರ ಹಕ್ಕಿದ್ದರೆ ಅವರೂ ಸಹಿ ಹಾಕಬೇಕು. ವ್ಯವಹಾರ ಕೆಡುವುದು ಹೆಚ್ಚಾಗಿ ಇಲ್ಲೇ. 10ರಲ್ಲಿ ಮಂಜೂರಾತಿ ಎಂದಿದ್ದರೆ ಮೂಲ ಆದೇಶದ ಪ್ರತಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ, ಅದೆಷ್ಟು ಕೈ ಬದಲಾಗಿದ್ದರೂ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ಸರ್ವೆ ನಕ್ಷೆ ಬೇಕು. 30 ವರ್ಷದ ಋಣಭಾರ ಪತ್ರ ತೆಗೆಸಿ. ಮನೆ ಗ್ರಾಮಠಾಣಾದಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11ಎ ಇರಬೇಕು. ಬರೀ ಕಂದಾಯದ ರಸೀದಿ ತೋರಿಸಿದರೆ ಒಪ್ಪಬೇಡಿ. ಗೇಟಿನವರೆಗಿನ ದಾರಿ ನಕ್ಷೆಯಲ್ಲಿ ಇದೆಯೇ, ಪಕ್ಕದವರ ದಾಕ್ಷಿಣ್ಯದ ಮೇಲೆ ನಡೆಯುತ್ತಿದೆಯೇ ಎಂಬುದನ್ನು ಸರ್ವೆಯವರಿಂದಲೇ ತಿಳಿಯಿರಿ.

ಪ್ರಶ್ನೆ: ಒಂದೂವರೆ ಎಕರೆ ಅಡಿಕೆಯಿಂದ ಮನೆಖರ್ಚು ನಡೆಯುತ್ತದೆಯೇ?
— ಹುಬ್ಬಳ್ಳಿ

ಅದೊಂದನ್ನೇ ನಂಬಿ ಹೋಗಬೇಡಿ. ಶೃಂಗೇರಿ, ಕೊಪ್ಪ ಸೀಮೆಯಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಇದೆ, ಅದಕ್ಕೆ ಮದ್ದಿಲ್ಲ. ಈಚೆಗೆ ಎಲೆಚುಕ್ಕಿಯೂ ಸೇರಿದೆ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಮಳೆ ಬಲಿಯುವ ಮುನ್ನ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಮದ್ದು ಸಿಗುತ್ತದೆ, ಮರ ಹತ್ತುವ ಕೊನೆಗಾರ ಆ ವಾರ ಸಿಗುವುದೇ ಕಷ್ಟ. ಕಾರ್ಬನ್ ಫೈಬರ್ ದೋಟಿ ಬಂದಮೇಲೆ ನೆಲದಲ್ಲೇ ನಿಂತು ಹೊಡೆಯಬಹುದಾಗಿದೆ, ಆದರೆ ಅದಕ್ಕೂ ಪಳಗಿದ ಕೈ ಬೇಕು.

ಪ್ರಶ್ನೆ: ಇಬ್ಬರದೂ ಮನೆಯಿಂದಲೇ ಕೆಲಸ. ನೆಟ್, ಕರೆಂಟು ಹೇಗೆ?
— ಮೈಸೂರು

ಪೇಟೆಯೊಳಗೆ ಫೈಬರ್ ಸಿಗುತ್ತದೆ. ಪೇಟೆಯಿಂದ ನಾಲ್ಕು ಕಿ.ಮೀ. ಆಚೆಗೆ, ‘ಬರುತ್ತದೆ’ ಎಂಬ ಮಾತು ಸಿಗುತ್ತದೆ. ಪಕ್ಕದ ಮನೆಯಲ್ಲಿ ಈಗಾಗಲೇ ಸಂಪರ್ಕ ಇದ್ದರೆ ಮಾತ್ರ ಇದೆ ಎಂದುಕೊಳ್ಳಿ. ಬೆಳಿಗ್ಗೆ 11ಕ್ಕೂ ರಾತ್ರಿ 8ಕ್ಕೂ ಅವರ ಮನೆಯಲ್ಲೇ ವೇಗ ಪರೀಕ್ಷಿಸಿ, ಅಪ್‌ಲೋಡ್ ಎಷ್ಟಿದೆ ನೋಡಿ. ವಿಡಿಯೊ ಸಭೆ ಕೆಡುವುದು ಅದರಿಂದ. ತಂತಿ ಹೋಗುವುದು ವಿದ್ಯುತ್ ಕಂಬದ ಮೇಲೇ ಆದ್ದರಿಂದ ಮರ ಬಿದ್ದರೆ ಕರೆಂಟು, ನೆಟ್ ಎರಡೂ ಒಟ್ಟಿಗೆ ಹೋಗುತ್ತವೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ. ಆದರೆ ದೀರ್ಘ ಹೊತ್ತು ಕರೆಂಟಿಲ್ಲದಿದ್ದರೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ.

150 ಎಎಚ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ ಎರಡು ಲ್ಯಾಪ್‌ಟಾಪ್, ರೌಟರ್, ಮೂರು ಎಲ್‌ಇಡಿ ದೀಪಕ್ಕೆ ಆರೇಳು ಗಂಟೆ ಬರುತ್ತದೆ. ಪಂಪು, ಗೀಸರ್ ಅದಕ್ಕೆ ಸೇರಿಸಬೇಡಿ. ಬಚ್ಚಲ ಹಂಡೆಯನ್ನು ಒಡೆಸದೆ ಉಳಿಸಿಕೊಳ್ಳಿ. ಮಳೆಗಾಲಕ್ಕೆಂದು ಸೋಲಾರ್ ಹಾಕಿಸುವವರಿಗೆ ಒಂದು ಮಾತು: ಬೇಕಾದ ಜುಲೈನಲ್ಲೇ ಬಿಸಿಲಿರುವುದಿಲ್ಲ. ಸಿಡಿಲಿನ ಕಾಲ ಏಪ್ರಿಲ್–ಮೇ. ಅರ್ಥಿಂಗ್ ಗುಂಡಿ ಹೊಸದಾಗಿ ಮಾಡಿಸಿ, ಗುಡುಗಿದಾಗ ರೌಟರಿನ ಪ್ಲಗ್ ಕೀಳಿ. ಮೆಸ್ಕಾಂನ ಆ ಭಾಗದ ಲೈನ್‌ಮನ್ ನಂಬರ್ ಮನೆ ಸೇರಿದ ದಿನವೇ ತೆಗೆದುಕೊಳ್ಳಿ.

ಪ್ರಶ್ನೆ: ಮಗನನ್ನು ನವೋದಯಕ್ಕೆ ಸೇರಿಸುವ ಆಸೆ. ಹಳ್ಳಿಗೆ ಬಂದರೆ ಗ್ರಾಮೀಣ ಸೀಟು ಸಿಗುತ್ತದಂತಲ್ಲ?
— ತುಮಕೂರು

ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ದಿನ ನಗರದ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಮೂರೂ ಪಟ್ಟಣ ಪಂಚಾಯಿತಿಗಳು, ಪೇಟೆಯೊಳಗಿನ ಶಾಲೆ ಗ್ರಾಮೀಣವಲ್ಲ. ಐದನೆಯ ತರಗತಿಯನ್ನು ಆ ಜಿಲ್ಲೆಯಲ್ಲೇ ಓದುತ್ತಿರಬೇಕು. ಶಿವಮೊಗ್ಗ ಜಿಲ್ಲೆಯ ನವೋದಯ ಗಾಜನೂರಿನಲ್ಲಿದೆ, ಚಿಕ್ಕಮಗಳೂರಿನದು ಬಾಳೆಹೊನ್ನೂರಿನಲ್ಲಿ. ಮನೆ ಯಾವ ಜಿಲ್ಲೆಯ ಗಡಿಯೊಳಗೆ ಬರುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ: ತೀರ್ಥಹಳ್ಳಿ ಶಿವಮೊಗ್ಗಕ್ಕೆ, ಉಳಿದೆರಡು ಚಿಕ್ಕಮಗಳೂರಿಗೆ.

ಪ್ರಶ್ನೆ: ಮಂಗನ ಕಾಯಿಲೆಯ ಭಯ.
— ಬಳ್ಳಾರಿ

ಭಯಕ್ಕಿಂತ ಎಚ್ಚರ ಸಾಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ದರಗು ಗುಡಿಸಲು ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಬಂದಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜೋರು ಜ್ವರ, ತಲೆನೋವು, ಮೈಕೈ ನೋವು ಒಟ್ಟಿಗೆ ಬಂದರೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ರಕ್ತಸ್ರಾವದ ಅಪಾಯವಿರುವ ಜ್ವರವಾದ್ದರಿಂದ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ.

ಪ್ರಶ್ನೆ: ಸಾಮಾನು ಯಾವಾಗ ಸಾಗಿಸಬೇಕು?
— ರಾಜಾಜಿನಗರ, ಬೆಂಗಳೂರು

ಶಾಲೆ ಶುರುವಾಗುವ ಹೊತ್ತಿಗೇ ಮಳೆಯೂ ಶುರುವಾಗುತ್ತದೆ, ಆದ್ದರಿಂದ ಮೇ ಮಧ್ಯದೊಳಗೆ. ಮುಖ್ಯರಸ್ತೆಯಿಂದ ಮನೆಗೆ ತಿರುಗುವ ಕಡೆ ದೊಡ್ಡ ಲಾರಿ ಹೊರಳುವುದಿಲ್ಲ, ತಗ್ಗಿನ ವಿದ್ಯುತ್ ತಂತಿಯೂ ಅಡ್ಡ ಬರಬಹುದು. ಮೊದಲೇ ಫೋಟೊ ಕಳಿಸಿ 14 ಅಡಿಯ ಗಾಡಿ ಗೊತ್ತುಮಾಡಿ. ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ ದಾರಿಯಲ್ಲಿ ತೀರ್ಥಹಳ್ಳಿಯವರೆಗೆ ಘಾಟಿ ಸಿಗುವುದಿಲ್ಲ. ಪಾರ್ಟಿಕಲ್ ಬೋರ್ಡಿನ ಕಪಾಟು ತರಬೇಡಿ, ಮೊದಲ ಆಷಾಢದಲ್ಲೇ ಊದಿಕೊಳ್ಳುತ್ತದೆ. ಗಟ್ಟಿ ಮರದ್ದು ತನ್ನಿ, ಸ್ಟೀಲಿನದಾದರೆ ಕಾಲಿನ ಕೆಳಗೆ ಮರದ ತುಂಡು ಕೊಡಿ. ಸೌದೆಯನ್ನು ಊರು ಸೇರಿದ ವಾರದಲ್ಲೇ ತರಿಸಿ ಕೊಟ್ಟಿಗೆ ತುಂಬಿಸಿಕೊಳ್ಳಿ, ಜೂನಿನಲ್ಲಿ ಸಿಗುವುದು ಹಸಿ ಸೌದೆಯೇ.