ಆಪರೇಷನ್ ಆದ ಮೇಲೆ ಮೂಗು ಇನ್ನೂ ಜಾಸ್ತಿ ಕಟ್ಟಿದೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 38 ವರ್ಷ. ಮೂಗಿನ ಮೂಳೆ ಬಾಗಿದೆ ಅಂತ ಐದು ದಿನದ ಹಿಂದೆ ಆಪರೇಷನ್ ಆಯಿತು. ಮರುದಿನ ಪ್ಯಾಕ್ ತೆಗೆದು ಮನೆಗೆ ಕಳಿಸಿದರು. ಒಳಗೆ ಎರಡೂ ಕಡೆ ತೆಳು ಪ್ಲಾಸ್ಟಿಕ್ ಪಟ್ಟಿ ಇದೆಯಂತೆ. ಈಗ ಮೊದಲಿಗಿಂತ ಜಾಸ್ತಿ ಮೂಗು ಕಟ್ಟಿದೆ, ರಾತ್ರಿಯಿಡೀ ಬಾಯಲ್ಲೇ ಉಸಿರು. ಮೇಲಿನ ಎದುರು ಹಲ್ಲು ಜೋಮು ಹಿಡಿದ ಹಾಗಿದೆ ಅನ್ನುತ್ತಾರೆ. ಹಬೆ ತಗೊಳ್ಳಲಿ, ಮೂಗಿಗೆ ತುಂಬೆ ರಸ ಬಿಡೋಣ ಅಂತ ಅತ್ತೆಯವರು ಹೇಳುತ್ತಿದ್ದಾರೆ. ಅಡಿಕೆ ಕೊನೆ ಕೊಯ್ಲು ಬೇರೆ ಶುರುವಾಗಿದೆ, ಇವರು ಸುಮ್ಮನೆ ಕೂರುವವರಲ್ಲ. ಆಪರೇಷನ್ ಸರಿಯಾಗಿಲ್ಲವೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳುತ್ತೇನಮ್ಮ. ನೀವು ಬರೆದಿರುವುದರಲ್ಲಿ ಆಪರೇಷನ್ ಕೆಟ್ಟಿದೆ ಎನ್ನುವ ಲಕ್ಷಣ ಒಂದೂ ಇಲ್ಲ. ಮೂಗಿನ ನಡುಗೋಡೆಯ ಎರಡೂ ಬದಿಯ ಪೊರೆ ಬಿಡಿಸಿ, ಬಾಗಿದ ಮೃದು ಎಲುಬನ್ನು ನೇರ ಮಾಡಿ, ಅಡ್ಡ ಬಂದ ತುಂಡು ತೆಗೆದು, ಪೊರೆಯನ್ನು ಮತ್ತೆ ಅಂಟಿಸಿರುತ್ತಾರೆ. ಆ ಪೊರೆ ಈಗ ಬಾತುಕೊಂಡಿದೆ. ಜೊತೆಗೆ ಪಟ್ಟಿ, ಹೆಪ್ಪುಗಟ್ಟಿದ ರಕ್ತ, ಸಿಂಬಳ. ಇಷ್ಟೂ ಇರುವಾಗ ಗಾಳಿ ಆಡುವುದಾದರೂ ಎಲ್ಲಿಂದ? ಪಟ್ಟಿಯನ್ನು ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ತೆಗೆಯುತ್ತಾರೆ, ಅಂದೇ ಸ್ವಲ್ಪ ಹಗುರ ಅನಿಸುತ್ತದೆ. ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ಉಸಿರು ಸಲೀಸಾಗುತ್ತದೆ. ಊತ ಪೂರ್ತಿ ಇಳಿಯಲು ಎರಡು ಮೂರು ತಿಂಗಳು ಬೇಕು. ಎದುರು ಹಲ್ಲಿಗೆ ಹೋಗುವ ನರ ನಡುಗೋಡೆಯ ಬುಡದಲ್ಲೇ ಹಾದುಹೋಗುವುದರಿಂದ ಜೋಮು ಬಂದಿದೆ. ಅದು ವಾರಗಳಲ್ಲಿ ಮೆಲ್ಲಗೆ ಬಿಡುತ್ತದೆ.

ಮನೆಯಲ್ಲಿ ಮಾಡಬೇಕಾದ ಮುಖ್ಯ ಕೆಲಸ, ಮೂಗಿನ ಒಳಗು ಒಣಗದ ಹಾಗೆ ನೋಡಿಕೊಳ್ಳುವುದು. ಒಣಗಿದರೆ ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ತುರಿಸುತ್ತದೆ, ಕೈ ತಾನಾಗಿ ಹೋಗುತ್ತದೆ, ಕಿತ್ತರೆ ರಕ್ತ. ಅದಕ್ಕೇ ಉಪ್ಪುನೀರಿನ ತೊಳೆತವನ್ನು ನಾನು ಇಷ್ಟು ಒತ್ತಿ ಹೇಳುವುದು. ಯಾವತ್ತಿನಿಂದ ಶುರು ಮಾಡಬೇಕು ಎಂದು ನಿಮ್ಮ ಸರ್ಜನ್ನರನ್ನು ಕೇಳಿ, ಈಗಾಗಲೇ ಹೇಳಿರಲೂಬಹುದು. ನೀರನ್ನು ಕುದಿಸಿ, ಉಗುರುಬೆಚ್ಚಗೆ ಆರಿಸಿ. ಕಾಲು ಲೀಟರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಮೆಡಿಕಲ್ ಶಾಪಿನ ಪ್ಯಾಕೆಟ್ ಪುಡಿಯೂ ಆದೀತು. ನಿಮ್ಮ ಕಡೆಯ ಬಾವಿ ನೀರು, ಅಬ್ಬಿ ನೀರು ಎಷ್ಟೇ ತಿಳಿಯಾಗಿರಲಿ, ಕುದಿಸದೆ ಮೂಗಿಗೆ ಹಾಕಲೇಬೇಡಿ. ಮೂಗಿನಿಂದ ಮಿದುಳಿಗೆ ಏರುವ ಅಮೀಬಾ ಸಿಹಿನೀರಿನಲ್ಲಿರುತ್ತದೆ, ಅಪರೂಪವಾದರೂ ಜೀವ ತೆಗೆಯುವಂಥದ್ದು. ತೊಳೆಯುವಾಗ ಸಿಂಕಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಬಾಯಿ ತೆರೆದು ಉಸಿರಾಡುತ್ತ, ಬಾಟಲಿಯನ್ನು ಮೆಲ್ಲಗೆ ಒತ್ತಬೇಕು. ಕಂದು ಚೂರುಗಳು, ತೆಳು ಗುಲಾಬಿ ನೀರು ಬಂದರೆ ಗಾಬರಿ ಬೇಡ. ಬರದೆ ಉಳಿದ ಹಕ್ಕಳೆಯನ್ನು ಡಾಕ್ಟರೇ ತೆಗೆಯುತ್ತಾರೆ. ಆ ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿ.

ಅತ್ತೆಯವರ ಕಾಳಜಿ ದೊಡ್ಡದು. ಆದರೆ ಬಿಸಿ ಹಬೆಗೆ ರಕ್ತನಾಳ ಹಿಗ್ಗಿ ರಕ್ತ ಬರಬಹುದು. ತುಂಬೆ ರಸ, ತುಪ್ಪ, ಎಣ್ಣೆ ಯಾವುದೂ ಹಸಿಗಾಯಕ್ಕೆ ಬೀಳಬಾರದು. ರಾತ್ರಿ ತಲೆಯ ಕೆಳಗೆ ಎರಡು ಮೂರು ದಿಂಬು ಇಟ್ಟು ಎತ್ತರ ಮಾಡಿ ಮಲಗಿಸಿ, ಬಾವು ಇಳಿಯಲು ಇದರಷ್ಟು ಸುಲಭದ ಉಪಾಯವಿಲ್ಲ. ತುಟಿಗೆ ವ್ಯಾಸ್ಲಿನ್ ಹಚ್ಚಿ, ಹಾಸಿಗೆಯ ಹತ್ತಿರ ನೀರಿನ ಚೊಂಬು ಇಡಿ. ಗಂಜಿಯನ್ನಾಗಲಿ ಸಾರನ್ನಾಗಲಿ ಆರಿಸಿ ಕೊಡಿ. ತಲೆಗೆ ಸುಡುನೀರಿನ ಸ್ನಾನ ಸದ್ಯಕ್ಕೆ ಬೇಡ. ಮಲಬದ್ಧತೆಯಾಗಿ ತಿಣುಕಿದರೂ ರಕ್ತ ಬರುತ್ತದೆ, ಹಾಗಾಗಿ ಪಪ್ಪಾಯಿ, ಬಸಳೆ ಊಟದಲ್ಲಿರಲಿ. ಎರಡು ವಾರ ಮೂಗು ಸೀಂಟುವಂತಿಲ್ಲ. ಸೀನು ಬಂದರೆ ತಡೆಯದೆ, ಬಾಯಿ ತೆರೆದು ಸೀನಲಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಬ್ರೂಫೆನ್, ಆಸ್ಪಿರಿನ್ ಜಾತಿಯ ಗುಳಿಗೆ ಕೇಳದೆ ಬೇಡ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿದ್ದವರಾದರೆ ಡಾಕ್ಟರ ಮಾತಿಲ್ಲದೆ ನಿಲ್ಲಿಸುವುದೂ ಬೇಡ, ಶುರು ಮಾಡುವುದೂ ಬೇಡ. ಮೂಗು ಬಿಡಿಸುವ ಡ್ರಾಪ್ಸನ್ನು ಬರೆದುಕೊಟ್ಟಷ್ಟೇ ದಿನ ಹಾಕಿ. ಹಿತವಾಯಿತೆಂದು ಮುಂದುವರಿಸಿದರೆ ಅದೇ ಡ್ರಾಪ್ಸ್ ಮೂಗು ಕಟ್ಟಿಸುತ್ತದೆ.

ಇನ್ನು ಕೊಯ್ಲು. ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಇದೊಂದೇ. ಅಡಿಕೆ ಬೇಯಿಸುವ ಹಂಡೆಯ ಮುಂದೆ ಬಗ್ಗಿ ನಿಂತರೆ ಒಲೆಯ ಹೊಗೆ, ಹಂಡೆಯ ಹಬೆ, ತಲೆಗೆ ಏರುವ ರಕ್ತ, ಮೂರೂ ಒಟ್ಟಿಗೆ ಮೂಗಿನ ಮೇಲೆ ಬೀಳುತ್ತವೆ. ಚೀಲ ಹೊರುವುದು, ಕೊನೆ ಎಳೆಯುವುದು ಮೂರು ವಾರ ಬೇಡವೇ ಬೇಡ. ಜಗಲಿಯಲ್ಲಿ ಕೂತು ಆಳುಗಳ ಲೆಕ್ಕ ಬರೆಯಲಿ, ಧೂಳು ಏಳುವ ಅಂಗಳಕ್ಕೆ ಇಳಿಯುವುದು ಬೇಡ. ಕಪಾಲಭಾತಿ, ಭಸ್ತ್ರಿಕಾ ಮಾಡುವವರಾದರೆ ಅದಕ್ಕೂ ಒಂದು ತಿಂಗಳು ರಜೆ. ಬೀಡಿ, ನಶ್ಯ ಇದ್ದರೆ ಇದೇ ನೆಪದಲ್ಲಿ ಬಿಡಿಸಿ.

ಕಾಯಬಾರದ ಸಂದರ್ಭಗಳೂ ಇವೆ. ಕೆಂಪು ರಕ್ತ ಸುರಿಯತೊಡಗಿದರೆ ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿಯಿರಿ. ಬಾಯಿಗೆ ಬಂದದ್ದನ್ನು ನುಂಗದೆ ಉಗುಳಲಿ. ಆಗಲೂ ನಿಲ್ಲದಿದ್ದರೆ ಹೊರಡಿ. ಪಟ್ಟಿ ತೆಗೆದ ಮೇಲೆ ಎರಡೂ ಕಡೆ ಒಮ್ಮೆಲೇ ಬಿಗಿದು, ನೋವು ಗಂಟೆಗಂಟೆಗೂ ಏರಿದರೆ ಅಂದೇ ತೋರಿಸಬೇಕು. ನಡುಗೋಡೆಯ ಮೃದು ಎಲುಬಿಗೆ ಸ್ವಂತ ರಕ್ತನಾಳವಿಲ್ಲ, ಪೊರೆಯೇ ಅದಕ್ಕೆ ಆಹಾರ. ಪೊರೆಯ ಕೆಳಗೆ ರಕ್ತ ನಿಂತರೆ ಎಲುಬು ಸತ್ತು, ಮೂಗಿನ ದಿಬ್ಬವೇ ಕುಸಿಯಬಹುದು. 101 ಡಿಗ್ರಿ ದಾಟಿದ ಜ್ವರ, ಬಗ್ಗಿದಾಗ ತಿಳಿನೀರು ತೊಟ್ಟಿಕ್ಕುವುದು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಇವೂ ತುರ್ತೇ. ಆಪರೇಷನ್ ಮಾಡಿದವರ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಮನೆಯ ಹತ್ತಿರ ನೆಟ್‌ವರ್ಕ್ ಸಿಗದಿದ್ದರೆ ಎಲ್ಲಿ ನಿಂತು ಕರೆ ಮಾಡಬೇಕು, ರಾತ್ರಿಯಾದರೆ ಯಾರ ಗಾಡಿ ಎಂದು ಇವತ್ತೇ ಮಾತಾಡಿಟ್ಟುಕೊಳ್ಳಿ.